ಗಾಯ ಒಣಗಿತೇ?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಬದುಕು ಕತ್ತಿಯ ಅಲಗಿನ ಜೊತೆಯಲ್ಲೇ ಸಾಗುತ್ತದೆ. ಸೊಪ್ಪು ಕಡಿಯಲು ಕತ್ತಿ, ಅಡಿಕೆ ಸುಲಿಯಲು ಕತ್ತಿ, ರಬ್ಬರ್ ಮರದ ತೊಗಟೆ ಕೀಸಲು ಬೇರೆಯದೇ ಒಂದು ಕತ್ತಿ. ಮಳೆಗಾಲದಲ್ಲಿ ತೋಟದ ಕೆಸರಲ್ಲಿ ನಿಂತು ಬೆರಳ ಸಂದಿ ಹುಣ್ಣಾಗುತ್ತದೆ. ಬೇಸಿಗೆಯಲ್ಲಿ ಹಿಮ್ಮಡಿ ಒಡೆಯುತ್ತದೆ, ಮುರಕಲ್ಲಿನ ಮೊನೆ ಬರಿಗಾಲಿಗೆ ತಾಗುತ್ತದೆ. ಗಾಯ ಇಲ್ಲಿ ದೊಡ್ಡ ಸುದ್ದಿಯಲ್ಲ. ಬಟ್ಟೆಯ ಚೂರು ಸುತ್ತಿಕೊಂಡು ಕೆಲಸಕ್ಕೆ ಇಳಿಯುವುದೇ ರೂಢಿ. ಎರಡು ದಿನ ಬಿಟ್ಟು ಸಿಕ್ಕಿದವರು ಕೇಳುವ ಪ್ರಶ್ನೆಯೂ ಒಂದೇ: ‘ಗಾಯ ಒಣಗಿತಾ?’

ಕನ್ನಡದಲ್ಲಿ ಗಾಯ ವಾಸಿಯಾಗುವುದಕ್ಕೆ ಎರಡು ಮಾತುಗಳಿವೆ. ಗಾಯ ‘ಒಣಗುತ್ತದೆ’, ಗಾಯ ‘ಮಾಯುತ್ತದೆ’. ಬಳಕೆಯಲ್ಲಿ ಎರಡಕ್ಕೂ ಒಂದೇ ಅರ್ಥ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಮಾತ್ರ ಅವು ಬೇರೆ ಬೇರೆ. ಒಣಗಿದ ಗಾಯವೆಲ್ಲ ಮಾಯ್ದ ಗಾಯವಲ್ಲ. ಒಣಗಿಸುವ ಅವಸರವೇ ಮಾಯುವುದನ್ನು ತಡಮಾಡುತ್ತದೆ ಎಂಬುದು ಅರವತ್ತು ವರ್ಷಗಳ ಹಿಂದಷ್ಟೇ ಖಚಿತವಾದ ವಿಷಯ.

ಗಾಯದ ಚಿಕಿತ್ಸೆಯ ಚರಿತ್ರೆಯನ್ನು ಹೊಸ ಹೊಸ ಮದ್ದುಗಳ ಚರಿತ್ರೆಯೆಂದು ಹೇಳುವುದು ವಾಡಿಕೆ. ಸ್ವಲ್ಪ ಕೆದಕಿದರೆ ಇನ್ನೊಂದು ಕಥೆ ಕಾಣುತ್ತದೆ. ಗಾಯದ ಮೇಲೆ ಏನು ಹಾಕಬೇಕು ಎಂಬ ಪ್ರಶ್ನೆಗಿಂತ ಗಾಯಕ್ಕೆ ಅಡ್ಡಿಯಾಗಿರುವುದು ಏನು, ಅದನ್ನು ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗಲೆಲ್ಲ ಚಿಕಿತ್ಸೆ ಒಂದು ಹೆಜ್ಜೆ ಮುಂದೆ ಹೋಗಿದೆ. ಆ ಹೆಜ್ಜೆಗಳಲ್ಲಿ ಕೆಲವು ಇಟ್ಟದ್ದು ಈ ತಾಲೂಕುಗಳ ಸುತ್ತಮುತ್ತಲಿನ ನೆಲದಲ್ಲೇ.

ಹಿತ್ತಲ ಮದ್ದು, ನ್ಯಾಯಾಂಗಣದ ಮದ್ದು

ತೋಟದ ಕೆಲಸದಲ್ಲಿ ಕೈ ಕೊಯ್ದುಕೊಂಡರೆ ಹತ್ತಿರದ ‘ಕಮ್ಯುನಿಸ್ಟ್ ಗಿಡ’ದ ನಾಲ್ಕು ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ, ರಸ ಹಿಂಡುವುದು ಈ ಭಾಗದ ಹಳೆಯ ಅಭ್ಯಾಸ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕ್ರೊಮೊಲೀನಾ ಒಡೊರಾಟಾ. ಮೂಲತಃ ಅಮೆರಿಕ ಖಂಡದ ಉಷ್ಣವಲಯದ ಗಿಡ. ಖಾಲಿ ನೆಲ ಕಂಡಲ್ಲೆಲ್ಲ ಹಬ್ಬುವ ಕಳೆ. ಅದರ ಎಲೆಯ ರಸ ರಕ್ತ ನಿಲ್ಲಿಸುತ್ತದೆಂಬುದನ್ನು ಇಲ್ಲಿಯವರಂತೆ ವಿಯೆಟ್ನಾಮಿನ ಜನರೂ ಕಂಡುಕೊಂಡಿದ್ದರು. ಅಲ್ಲಿ ಈ ಎಲೆಯ ಸಾರದಿಂದ ಸುಟ್ಟಗಾಯಕ್ಕೂ ಹುಣ್ಣಿಗೂ ಹಚ್ಚುವ ಔಷಧವನ್ನೇ ತಯಾರಿಸಿದರು. 1990ರ ದಶಕದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಆ ಸಾರವು ಚರ್ಮದ ಜೀವಕೋಶಗಳ ಬೆಳವಣಿಗೆಗೆ ನೆರವಾಗುವುದು ಕಂಡುಬಂತು. ಪ್ರಯೋಗಾಲಯದಲ್ಲಿ ಶುದ್ಧಗೊಳಿಸಿದ ಸಾರಕ್ಕೂ ಮಣ್ಣಿನ ಕೈಯಲ್ಲಿ ಉಜ್ಜಿದ ಎಲೆಗೂ ವ್ಯತ್ಯಾಸವಿದೆ ಎಂಬುದನ್ನು ಮಾತ್ರ ಮರೆಯಬಾರದು. ರಕ್ತ ನಿಂತಿತೆಂದ ಮಾತ್ರಕ್ಕೆ ಧನುರ್ವಾಯುವಿನ ಚುಚ್ಚುಮದ್ದು ಬೇಡವೆಂದಾಗುವುದಿಲ್ಲ.

ಅರಸಿನದ ಕಥೆ ಇನ್ನೂ ಸ್ವಾರಸ್ಯದ್ದು. ಅಡುಗೆಮನೆಯ ಅರಸಿನದ ಪುಡಿ 1995ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ‘ಹೊಸ ಆವಿಷ್ಕಾರ’ವಾಯಿತು. ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಇಬ್ಬರು ಸಂಶೋಧಕರಿಗೆ, ಗಾಯ ಮಾಯಿಸಲು ಅರಸಿನ ಬಳಸುವ ವಿಧಾನದ ಹಕ್ಕು ದೊರೆತಿತ್ತು. ಅವರಿಬ್ಬರೂ ಭಾರತೀಯ ಮೂಲದವರೇ. ಡಾ. ರಘುನಾಥ ಮಶೇಲ್ಕರ್ ಅವರ ನೇತೃತ್ವದಲ್ಲಿದ್ದ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿ 1996ರಲ್ಲಿ ಇದನ್ನು ಪ್ರಶ್ನಿಸಿತು. ಅಜ್ಜಿಗೆ ಗೊತ್ತಿತ್ತು ಎಂದರೆ ಪೇಟೆಂಟ್ ಕಚೇರಿ ಒಪ್ಪುವುದಿಲ್ಲ, ಅಚ್ಚಾದ ದಾಖಲೆ ಬೇಕು. ಮಂಡಲಿ 32 ದಾಖಲೆಗಳನ್ನು ಹುಡುಕಿ ಮುಂದಿಟ್ಟಿತು. ಹಳೆಯ ಗ್ರಂಥಗಳೊಡನೆ ಭಾರತೀಯ ವೈದ್ಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದ ಲೇಖನವೂ ಅವುಗಳಲ್ಲಿತ್ತು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಈ ಗೆಲುವು ಸಾಬೀತು ಮಾಡಿದ್ದು, ಅರಸಿನವನ್ನು ಗಾಯಕ್ಕೆ ಹಚ್ಚುವ ತಿಳಿವಳಿಕೆ ಹೊಸದಲ್ಲ, ಅದು ಒಬ್ಬರ ಸೊತ್ತಲ್ಲ ಎಂಬುದನ್ನು. ಅರಸಿನ ಎಲ್ಲ ಗಾಯವನ್ನೂ ಮಾಯಿಸುತ್ತದೆ ಎಂಬುದನ್ನಲ್ಲ. ಹಿತ್ತಲ ಗಿಡ ಮದ್ದೂ ಹೌದು, ಅದಕ್ಕೆ ಮಿತಿಯೂ ಉಂಟು. ಆರೋಗ್ಯವಂತನ ಕೈಯ ಸಣ್ಣ ಗಾಯ ಏನು ಹಚ್ಚಿದರೂ, ಏನೂ ಹಚ್ಚದಿದ್ದರೂ ಬಹುಪಾಲು ಮಾಯುತ್ತದೆ. ನಿಜವಾದ ಪರೀಕ್ಷೆ ಇರುವುದು ಮಾಯದ ಗಾಯದಲ್ಲಿ.

ದೇಹದ ಒಳಗೆ ನಡೆಯುವುದು

ಗಾಯವಾದ ಕ್ಷಣದಲ್ಲೇ ದೇಹ ದುರಸ್ತಿಗೆ ತೊಡಗುತ್ತದೆ. ಮೊದಲು ಕತ್ತರಿಸಿದ ರಕ್ತನಾಳಗಳು ಕುಗ್ಗಿ ರಕ್ತ ಹೆಪ್ಪುಗಟ್ಟುತ್ತದೆ. ಎರಡನೆಯ ಹಂತದಲ್ಲಿ ಬಿಳಿ ರಕ್ತಕಣಗಳು ಧಾವಿಸಿ ಬಂದು ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ತಿಂದು ತೆರವು ಮಾಡುತ್ತವೆ. ಗಾಯದ ಸುತ್ತ ಕೆಂಪಾಗಿ ಬಿಸಿಯಾಗುವುದು ಈ ಕೆಲಸದ ಲಕ್ಷಣ. ಮೂರನೆಯ ಹಂತದಲ್ಲಿ ಹೊಸ ರಕ್ತನಾಳಗಳೂ ಕೊಲಾಜನ್ ಎಂಬ ನಾರಿನಂಥ ವಸ್ತುವೂ ತುಂಬಿಕೊಂಡು ಕೆಂಪು ಮಾಂಸ ಬೆಳೆಯುತ್ತದೆ. ಅಂಚಿನಿಂದ ಚರ್ಮದ ಕೋಶಗಳು ಅದರ ಮೇಲೆ ತೆವಳುತ್ತ ಬಂದು ಬಾಯಿ ಮುಚ್ಚುತ್ತವೆ. ಕೊನೆಯ ಹಂತ ತಿಂಗಳುಗಟ್ಟಲೆ ನಡೆಯುತ್ತದೆ. ನಾರುಗಳು ಮರುಜೋಡಣೆಯಾಗಿ ಕಲೆ ಗಟ್ಟಿಯಾಗುತ್ತದೆ. ಆದರೂ ಮಾಯ್ದ ಜಾಗದ ಚರ್ಮಕ್ಕೆ ಮೊದಲಿನ ಬಲದ ಸುಮಾರು 80% ಮಾತ್ರ ಮರಳುತ್ತದೆ.

ಈ ನಾಲ್ಕು ಹಂತಗಳಲ್ಲಿ ಎಲ್ಲಾದರೂ ಕೆಲಸ ನಿಂತುಹೋದರೆ ಗಾಯ ವ್ರಣವಾಗಿ ಉಳಿಯುತ್ತದೆ. ರಕ್ತ ಸಾಲದಿದ್ದರೆ, ಸೋಂಕು ಬೇರೂರಿದರೆ, ಸತ್ತ ಮಾಂಸ ಒಳಗೇ ಉಳಿದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಗಾಯದ ಮೇಲೆ ದಿನವೂ ಭಾರ ಬೀಳುತ್ತಿದ್ದರೆ ಎಂಥ ಮುಲಾಮೂ ಸೋಲುತ್ತದೆ.

ನಮ್ಮ ಹಳಬರಿಗೆ ಈ ತಾರತಮ್ಯ ತಿಳಿದಿತ್ತು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ವ್ರಣದ ಅಧ್ಯಾಯದಿಂದ. ಅಲ್ಲಿ 60 ಉಪಕ್ರಮಗಳನ್ನು ಹೇಳಿದೆ. ಗಾಯ ತುಂಬಿ ಬರಲು ಮಾಡುವ ‘ರೋಪಣ’ಕ್ಕೆ ಮುನ್ನ ಗಾಯವನ್ನು ಶುಚಿಗೊಳಿಸುವ ‘ಶೋಧನ’ ನಡೆಯಬೇಕೆಂಬುದು ಅದರ ಕ್ರಮ. ಕೆಟ್ಟ ವ್ರಣವನ್ನು ‘ದುಷ್ಟವ್ರಣ’ವೆಂದೂ ಮಾಯಲು ಸಿದ್ಧವಾದದ್ದನ್ನು ‘ಶುದ್ಧವ್ರಣ’ವೆಂದೂ ಬೇರ್ಪಡಿಸಿದೆ. 14 ಬಗೆಯ ಕಟ್ಟುಗಳ ವಿವರವಿದೆ. ಗಾಯಾಳು ಮಲಗುವ ಕೋಣೆ, ಹಾಸಿಗೆ, ಆಹಾರ, ಪಕ್ಕದಲ್ಲಿ ಕುಳಿತು ಒಳ್ಳೆಯ ಮಾತಾಡುವ ಸ್ನೇಹಿತರು ಇವೆಲ್ಲಕ್ಕೂ ಪ್ರತ್ಯೇಕ ಅಧ್ಯಾಯವೇ ಇದೆ. ಲೇಪದಷ್ಟೇ ವಿಶ್ರಾಂತಿಯೂ ಚಿಕಿತ್ಸೆ ಎಂಬ ತಿಳಿವಳಿಕೆ ಅದು.

ಬಿಸಿ ಎಣ್ಣೆಯಿಂದ ಬಾಳೆಎಲೆಗೆ

ಯುರೋಪಿನಲ್ಲಿ ಇದೇ ಪಾಠ ಒಂದು ಆಕಸ್ಮಿಕದಿಂದ ಬಂತು. ಕೋವಿಯ ಗುಂಡಿನ ಗಾಯದಲ್ಲಿ ವಿಷವಿರುತ್ತದೆಂದು ನಂಬಿ ಹದಿನಾರನೆಯ ಶತಮಾನದ ಶಸ್ತ್ರವೈದ್ಯರು ಅದಕ್ಕೆ ಕುದಿಯುವ ಎಣ್ಣೆ ಹೊಯ್ಯುತ್ತಿದ್ದರು. 1537ರಲ್ಲಿ ಇಟಲಿಯ ಯುದ್ಧರಂಗದಲ್ಲಿ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆಯ ಬಳಿ ಎಣ್ಣೆ ಮುಗಿಯಿತು. ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಬೆರೆಸಿ ಹಚ್ಚಿದ. ಬೆಳಿಗ್ಗೆ ನೋಡಿದರೆ ಎಣ್ಣೆ ಹೊಯ್ಸಿಕೊಂಡವರು ಜ್ವರದಿಂದ ನರಳುತ್ತಿದ್ದರು, ಉಳಿದವರು ನೆಮ್ಮದಿಯಾಗಿದ್ದರು. ಹೊಸ ಲೇಪಕ್ಕೆ ವಿಶೇಷ ಶಕ್ತಿ ಇತ್ತೆಂದಲ್ಲ. ಕುದಿಯುವ ಎಣ್ಣೆಯ ಕಾಟ ತಪ್ಪಿದ್ದೇ ದೊಡ್ಡ ಉಪಕಾರ.

1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ರೋಗಾಣುಗಳನ್ನು ಕೊಲ್ಲುವ ಕ್ರಮ ತಂದ ಮೇಲೆ ಶಸ್ತ್ರಕ್ರಿಯೆಯ ಸ್ವರೂಪವೇ ಬದಲಾಯಿತು. ಆದರೆ ರೋಗಾಣುಗಳನ್ನು ಕೊಲ್ಲುವ ತೀಕ್ಷ್ಣ ದ್ರಾವಣ ಹೊಸದಾಗಿ ಹುಟ್ಟುವ ಕೋಶಗಳನ್ನೂ ಬಿಡುವುದಿಲ್ಲ. ಗಾಯವನ್ನು ತೆರೆದಿಟ್ಟು ಗಾಳಿಗೆ ಒಣಗಿಸಬೇಕು, ಹೊಪ್ಪಳೆ ಕಟ್ಟಿದರೆ ಒಳ್ಳೆಯದು ಎಂಬ ನಂಬಿಕೆಯೂ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಬಲವಾಗಿತ್ತು.

1962ರಲ್ಲಿ ಲಂಡನ್ನಿನ ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಚರ್ಮದ ಮೇಲೆ ಸಮನಾದ ಸಣ್ಣ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ತೆಳುವಾದ ಪಾಲಿಥೀನ್ ಹಾಳೆಯಿಂದ ಮುಚ್ಚಿ ನೋಡಿದ. ಮುಚ್ಚಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತ್ತು. ಕಾರಣ ಸರಳ. ಒಣಗಿದ ಗಾಯದಲ್ಲಿ ಚರ್ಮದ ಕೋಶಗಳು ಗಟ್ಟಿ ಹೊಪ್ಪಳೆಯ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕು. ತೇವವಿದ್ದಲ್ಲಿ ಅವು ಮೇಲ್ಮೈಯಲ್ಲೇ ಸಲೀಸಾಗಿ ಹರಿದಾಡುತ್ತವೆ. ಇಂದು ಔಷಧದಂಗಡಿಯಲ್ಲಿ ಸಿಗುವ ಜೆಲ್, ಫೋಮ್, ಪಾರದರ್ಶಕ ಪಟ್ಟಿಗಳೆಲ್ಲ ಈ ಒಂದು ಪ್ರಯೋಗದ ಸಂತತಿ. ತೇವವೆಂದರೆ ಕೊಳಕು ನೀರೂ ಅಲ್ಲ, ಕೆಸರೂ ಅಲ್ಲ. ಶುಚಿಯಾದ ಗಾಯದ ಹದವಾದ ಪಸೆ ಅಷ್ಟೇ.

ಈ ತತ್ವ ಅಗ್ಗದಲ್ಲೂ ಕೈಗೂಡುತ್ತದೆಂದು ತೋರಿಸಿದವರು ಮುಂಬೈಯ ಶಸ್ತ್ರವೈದ್ಯರು. ಸುಟ್ಟಗಾಯಗಳಿಗೆ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಪಟ್ಟಿಯಾಗಿ ಬಳಸುವ ಕ್ರಮ ಅಲ್ಲಿ 1980ರ ದಶಕದಲ್ಲೇ ಬಂದಿತ್ತು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ರೋಗಾಣುಮುಕ್ತಗೊಳಿಸಿದ ಬಾಳೆಎಲೆಯ ಪಟ್ಟಿಯೊಂದಿಗೆ ಹೋಲಿಸಿದರು. ಗಾಯ ಮಾಯುವುದರಲ್ಲಿ ಎರಡೂ ಸಮ. ಬಾಳೆಎಲೆಯ ಪಟ್ಟಿ ತಯಾರಿಸುವುದು ಸುಲಭ, ಖರ್ಚು ಹನ್ನೊಂದರಲ್ಲಿ ಒಂದು ಪಾಲು. ನುಣುಪಾದ ಎಲೆ ಗಾಯಕ್ಕೆ ಅಂಟಿಕೊಳ್ಳುವುದಿಲ್ಲ, ಬಿಚ್ಚುವಾಗ ನೋವಾಗುವುದಿಲ್ಲ. ಊಟಕ್ಕೂ ಪೂಜೆಗೂ ಬಾಳೆಎಲೆ ಕೊಯ್ಯುವ ಊರುಗಳಲ್ಲಿ ಇದು ಕೇಳಲೇಬೇಕಾದ ಸಂಗತಿ. ಎಲೆಯನ್ನು ಆಸ್ಪತ್ರೆಯಲ್ಲಿ ಹಬೆಯ ಒತ್ತಡದಲ್ಲಿ ಶುದ್ಧಗೊಳಿಸಿ ಬಳಸಿದ್ದರು ಎಂಬುದನ್ನೂ ಜೊತೆಗೇ ಕೇಳಿಸಿಕೊಳ್ಳಬೇಕು.

ನೋವಿಲ್ಲದ ಗಾಯ

ಮಾಯದ ಗಾಯದ ಗುಟ್ಟು ಬಿಚ್ಚಿದ್ದು ಕುಷ್ಠರೋಗಿಗಳ ಪಾದದಲ್ಲಿ. ಆ ಕಥೆಗೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿಯನ್ನು ನೆನಪಿಸಿಕೊಳ್ಳಬೇಕು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಪುತ್ತೂರು, ಸುಳ್ಯ, ಕಡಬಗಳೆಲ್ಲ ಮದ್ರಾಸ್ ಆಡಳಿತಕ್ಕೆ ಸೇರಿದ್ದವು, ಕಾಸರಗೋಡು ಇದೇ ಜಿಲ್ಲೆಯಲ್ಲಿತ್ತು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧ ಕೊಡಲು ತೊಡಗಿದ ಜೆಸುವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಮನೆಯಿಂದಲೂ ಊರಿಂದಲೂ ಹೊರಬಿದ್ದವರಿಗೆ ಅಲ್ಲಿ ಅನ್ನವೂ ಆರೈಕೆಯೂ ದೊರೆಯಿತು. ಅಂದು ಆ ಕಾಯಿಲೆಯನ್ನು ಗುಣಪಡಿಸುವ ಮದ್ದಿರಲಿಲ್ಲ. ಪಾದದ ಹುಣ್ಣು ಕಾಯಿಲೆಯ ಭಾಗವೇ, ಮಾಂಸ ತಾನಾಗಿಯೇ ಕೊಳೆಯುತ್ತದೆ ಎಂದೇ ಎಲ್ಲರೂ ತಿಳಿದಿದ್ದರು.

ಅದೇ ಮದ್ರಾಸ್ ಪ್ರಾಂತದ ಇನ್ನೊಂದು ಅಂಚಿನಲ್ಲಿ, ಚೆಂಗಲ್ಪಟ್ಟಿನ ಕುಷ್ಠರೋಗ ಕೇಂದ್ರದಲ್ಲಿ, ಜೋಸೆಫ್ ಖಾನ್ ಎಂಬ ವೈದ್ಯರು 1930ರ ದಶಕದಲ್ಲಿ ಬೇರೆ ರೀತಿ ಯೋಚಿಸಿದರು. ಮುರಿದ ಮೂಳೆಗೆ ಹಾಕುವಂತೆ ಹುಣ್ಣಾದ ಕಾಲಿಗೂ ಪ್ಲಾಸ್ಟರ್ ಕಟ್ಟು ಹಾಕಿ ವಾರಗಟ್ಟಲೆ ಬಿಟ್ಟರು. ಬಿಚ್ಚಿದಾಗ ಹುಣ್ಣು ಮಾಯ್ದಿರುತ್ತಿತ್ತು. ಸಿಲೋನಿನಲ್ಲಿ ಮಿಲ್ರಾಯ್ ಪಾಲ್ ಎಂಬ ಶಸ್ತ್ರವೈದ್ಯರೂ ಅದೇ ಕಾಲದಲ್ಲಿ ಇದೇ ದಾರಿ ಹಿಡಿದಿದ್ದರು. ಖಾನ್ ಅವರ ವರದಿ 1939ರಲ್ಲಿ ಅಚ್ಚಾಯಿತು.

ಅದು ಏಕೆ ಫಲಿಸಿತೆಂದು ವಿವರಿಸಿದವರು 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಕುಷ್ಠರೋಗ ನರಗಳನ್ನು ಕೊಲ್ಲುತ್ತದೆ, ಮಾಂಸವನ್ನಲ್ಲ. ನೋವು ಗೊತ್ತಾಗದ ಪಾದ ಮುಳ್ಳನ್ನೂ ಕಲ್ಲನ್ನೂ ತಿಳಿಯದೆ ತುಳಿಯುತ್ತದೆ, ಹುಣ್ಣಿನ ಮೇಲೆಯೇ ಮೈಲುಗಟ್ಟಲೆ ನಡೆಯುತ್ತದೆ. ಕೆಲವರ ಬೆರಳುಗಳು ರಾತ್ರಿ ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದುದಕ್ಕೆ ಇಲಿಗಳು ಕಾರಣವೆಂದು ಕಾವಲಿದ್ದು ಪತ್ತೆಮಾಡಿದರು. ಅಲ್ಲಿಂದ ಮುಂದೆ ಮನೆಗೆ ಮರಳುವ ರೋಗಿಗಳ ಕೈಗೆ ಒಂದು ಬೆಕ್ಕನ್ನೂ ಕೊಟ್ಟು ಕಳಿಸುತ್ತಿದ್ದರು. ನೋವು ಶತ್ರುವಲ್ಲ, ಕಾಯುವ ನಾಯಿ ಎಂಬುದು ಇಲ್ಲಿ ಸ್ಪಷ್ಟವಾಯಿತು. ಭಾರವನ್ನು ಒಂದೇ ಕಡೆ ಬೀಳದಂತೆ ಇಡೀ ಪಾದಕ್ಕೂ ಕಾಲಿಗೂ ಹಂಚುವ ಪ್ಲಾಸ್ಟರು ಮತ್ತು ಮೆತ್ತನೆಯ ರಬ್ಬರ್ ಅಡಿಯ ಪಾದರಕ್ಷೆ ವೆಲ್ಲೂರು ಮತ್ತು ಕರಿಗಿರಿಯ ಚಿಕಿತ್ಸಾಕ್ರಮದ ಭಾಗವಾದವು.

ಬ್ರಾಂಡ್ 1960ರ ದಶಕದಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದಾಗ ಈ ವಿದ್ಯೆಯೂ ಜೊತೆಗೆ ಹೋಯಿತು. ಅಲ್ಲಿ ಕಂಡದ್ದೇನೆಂದರೆ ಸಕ್ಕರೆ ಕಾಯಿಲೆಯವರ ಪಾದದ ಕಥೆಯೂ ಇದೇ. ಅವರ ನರಗಳೂ ಮಂದವಾಗುತ್ತವೆ, ಅವರೂ ತಿಳಿಯದೆ ಗಾಯದ ಮೇಲೆ ನಡೆಯುತ್ತಾರೆ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಸುಮಾರು 90% ಮಂದಿಯ ಹುಣ್ಣು 12 ವಾರಗಳಲ್ಲಿ ಮಾಯಿತು. ಬಿಚ್ಚಿ ಹಾಕಬಹುದಾದ ವಿಶೇಷ ಬೂಟು ಧರಿಸಿದವರಲ್ಲಿ ಮಾಯಿದ್ದು 65%. ಬೂಟಿನಲ್ಲಿ ದೋಷವಿರಲಿಲ್ಲ. ಜನ ಅದನ್ನು ಬಿಚ್ಚಿಟ್ಟು ನಡೆಯುತ್ತಿದ್ದರು. ದಿನದ ಹೆಜ್ಜೆಗಳಲ್ಲಿ ಸುಮಾರು 28% ಮಾತ್ರ ಬೂಟಿನೊಳಗೆ ಬೀಳುತ್ತಿದ್ದವೆಂದು 2003ರ ಇನ್ನೊಂದು ಅಧ್ಯಯನ ತೋರಿಸಿತು. ರಕ್ತಸಂಚಾರ ತೀರ ಕಡಿಮೆಯಿರುವ ಅಥವಾ ಸೋಂಕು ಆಳಕ್ಕಿಳಿದ ಕಾಲಿಗೆ ಪ್ಲಾಸ್ಟರ್ ಅಪಾಯ, ಆದ್ದರಿಂದ ಅದನ್ನು ಪರಿಣತರೇ ಹಾಕಬೇಕು. ಆದರೂ ಮದ್ರಾಸ್ ಪ್ರಾಂತದಲ್ಲಿ, ಸಮಾಜ ಹೊರದಬ್ಬಿದವರ ಕಾಲಿನಲ್ಲಿ ಕಲಿತ ಈ ಪಾಠ ಇಂದು ಜಗತ್ತಿನ ಮಧುಮೇಹಿಗಳ ಪಾದ ಚಿಕಿತ್ಸೆಯ ಅಡಿಗಲ್ಲು.

ಕಾಸರಗೋಡಿನ ಪ್ರಯೋಗ

ಗಡಿಯಾಚೆಗಿನ, ಒಂದು ಕಾಲಕ್ಕೆ ಇದೇ ಜಿಲ್ಲೆಯ ಕಾಸರಗೋಡಿನಲ್ಲಿ 1999ರಲ್ಲಿ ಚರ್ಮವೈದ್ಯ ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದರು. ಅವರು ಕೈಗೆತ್ತಿಕೊಂಡದ್ದು ಆನೆಕಾಲು ರೋಗವನ್ನು. ಸೊಳ್ಳೆಯಿಂದ ಬರುವ ಹುಳು ದೇಹದ ದುಗ್ಧರಸ ನಾಳಗಳನ್ನು ಕೆಡಿಸಿದ ಮೇಲೆ ಕಾಲು ಊದಿಕೊಳ್ಳುತ್ತದೆ. ಊದಿದ ಚರ್ಮದ ಮಡಿಕೆಗಳಲ್ಲಿ, ಬೆರಳ ಸಂದಿಗಳಲ್ಲಿ ಬಿರುಕು ಬೀಳುತ್ತದೆ. ಆ ಸಣ್ಣ ಬಿರುಕೇ ರೋಗಾಣುಗಳ ಹೆಬ್ಬಾಗಿಲು. ಜ್ವರ, ಕೆಂಪು, ನೋವು ಮತ್ತೆ ಮತ್ತೆ ಮರುಕಳಿಸಿ ಪ್ರತಿ ಸಲವೂ ಊತ ಹೆಚ್ಚುತ್ತದೆ.

ಇಲ್ಲಿನ ಚಿಕಿತ್ಸೆಯಲ್ಲಿ ಸಾಬೂನು ನೀರಿನಿಂದ ಕಾಲು ತೊಳೆದು, ಬೆರಳ ಸಂದಿಯನ್ನೂ ಬಿಡದೆ ಒರೆಸಿ, ಆಯುರ್ವೇದದ ಗಿಡಮೂಲಿಕೆಯ ಕಷಾಯದಲ್ಲಿ ನೆನೆಸುತ್ತಾರೆ. ಉಸಿರಾಟದ ಅಭ್ಯಾಸ ಮತ್ತು ಯೋಗಾಸನಗಳಿವೆ, ದುಗ್ಧರಸ ಹರಿಯುವ ದಿಕ್ಕಿಗೆ ಹಗುರವಾದ ಮಾಲೀಸಿದೆ. ಕೊನೆಗೆ ಬಿಗಿಯಾದ ಪಟ್ಟಿ ಸುತ್ತುತ್ತಾರೆ. ಸೋಂಕಿದ್ದರೆ ಆಧುನಿಕ ವೈದ್ಯದ ಔಷಧ. ಆಕ್ಸ್‌ಫರ್ಡ್‌ನ ಪ್ರಸಿದ್ಧ ಚರ್ಮವೈದ್ಯ ಟೆರೆನ್ಸ್ ರಯಾನ್ ಈ ಕೆಲಸಕ್ಕೆ ಜೊತೆಯಾದರು. ಮುಂದೆ ಕಲಬುರ್ಗಿ ಮತ್ತು ಕೇರಳದ ಅಲಪ್ಪುಳ ಜಿಲ್ಲೆಗಳಲ್ಲಿ ಹಳ್ಳಿಯ ರೋಗಿಗಳಿಗೆ ಇದನ್ನು ಕಲಿಸಿ, ಫಲಿತಾಂಶವನ್ನು ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರ ವಿಶೇಷ ಆಯುರ್ವೇದವೋ ಅಲೋಪಥಿಯೋ ಎಂಬ ಜಗಳದಲ್ಲಿಲ್ಲ. ಊತವನ್ನು ಅಳೆದು, ಬರೆದಿಟ್ಟು, ಬೇರೆಯವರು ಪರಿಶೀಲಿಸುವಂತೆ ಮಾಡಿದ್ದರಲ್ಲಿದೆ. ರೋಗಿ ಮನೆಯಲ್ಲಿ ತಾನೇ ಮಾಡಿಕೊಳ್ಳಬಹುದಾದ ದಿನಚರಿಯೇ ಇಲ್ಲಿ ಮುಖ್ಯ ಮದ್ದು.

ಹೊಸ ಚಿಕಿತ್ಸೆಗಳ ಸಾಲು

ಕಳೆದ ಮೂವತ್ತು ವರ್ಷಗಳ ಹೊಸ ಚಿಕಿತ್ಸೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವುಗಳಲ್ಲಿ ಚರ್ಮದ ಕಸಿಯ ಬೇರು ಹಳೆಯದು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿಯ ಕುಂಬಾರ ಕುಲದ ವೈದ್ಯನೊಬ್ಬ ಆತನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಇದರ ವಿವರವೂ ಚಿತ್ರವೂ ಬಂದವು. ಇಪ್ಪತ್ತು ವರ್ಷಗಳ ಬಳಿಕ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಅಲ್ಲಿ ಅದನ್ನೇ ಮಾಡಿ ತೋರಿಸಿದ. 1869ರಲ್ಲಿ ಪ್ಯಾರಿಸ್ಸಿನಲ್ಲಿ ರೆವೆರ್ದಾಂ ಚರ್ಮದ ಸಣ್ಣ ಚೂರುಗಳನ್ನು ಗಾಯದ ಮೇಲೆ ನೆಟ್ಟ. 1975ರಲ್ಲಿ ಅಮೆರಿಕದ ವಿಜ್ಞಾನಿಗಳು ಚರ್ಮದ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲೇ ಬೆಳೆಸಿದರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸತ್ತವರ ಚರ್ಮವನ್ನು ದಾನವಾಗಿ ಪಡೆದು ಸುಟ್ಟಗಾಯದವರಿಗೆ ಹೊದಿಸಲು ಕಾದಿಡುವ ಚರ್ಮ ಬ್ಯಾಂಕ್ 2016ರಲ್ಲಿ ಆರಂಭವಾಯಿತು.

1997ರಲ್ಲಿ ಅಮೆರಿಕದ ಅರ್ಜೆಂಟಾ ಮತ್ತು ಮೋರಿಕ್‌ವಾಸ್ ಗಾಯಕ್ಕೆ ಸ್ಪಂಜು ತುಂಬಿ, ಮೇಲೆ ಗಾಳಿಯಾಡದ ಹಾಳೆ ಅಂಟಿಸಿ, ಪಂಪಿನಿಂದ ಒಳಗಿನ ದ್ರವವನ್ನು ಹೀರುವ ವಿಧಾನವನ್ನು ಪ್ರಕಟಿಸಿದರು. ಆಳವಾದ ದೊಡ್ಡ ಗಾಯಗಳು ಇದರಿಂದ ಬೇಗ ತುಂಬುತ್ತವೆ. ಅದೇ ವರ್ಷ ಬೆಕಾಪ್ಲರ್ಮಿನ್ ಎಂಬ ಲೇಪಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೋಶಗಳನ್ನು ಬೆಳೆಯಲು ಪ್ರಚೋದಿಸುವ, ದೇಹದಲ್ಲೇ ಇರುವ ಒಂದು ಪ್ರೋಟೀನನ್ನು ಜೈವಿಕ ತಂತ್ರಜ್ಞಾನದಿಂದ ತಯಾರಿಸಿದ ಔಷಧ ಅದು. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನ ಮೇಲೆ ಪ್ರಯೋಗಿಸಿದಾಗ ಔಷಧ ಹಚ್ಚಿದವರಲ್ಲಿ 50%, ಔಷಧವಿಲ್ಲದ ಬರಿಯ ಲೇಪ ಹಚ್ಚಿದವರಲ್ಲಿ 35% ಮಂದಿಗೆ ಪೂರ್ತಿ ಗುಣವಾಯಿತು. ಇನ್ನೊಂದು ಅಂಶ ವೈದ್ಯರ ಗಮನ ಸೆಳೆಯಿತು. ಸತ್ತ ಮಾಂಸವನ್ನು ಪದೇ ಪದೇ ಕತ್ತರಿಸಿ ಶುಚಿಮಾಡುತ್ತಿದ್ದ ಆಸ್ಪತ್ರೆಗಳಲ್ಲಿ ಫಲಿತಾಂಶ ಹೆಚ್ಚು ಚೆನ್ನಾಗಿತ್ತು. ಶೋಧನ ಮೊದಲು, ರೋಪಣ ಆಮೇಲೆ ಎಂಬ ಹಳೆಯ ಕ್ರಮಕ್ಕೆ ಹೊಸ ಔಷಧವೂ ತಲೆಬಾಗಿತು.

ಕರ್ನಾಟಕದ್ದೇ ಆದ ಇನ್ನೊಂದು ಪ್ರಯತ್ನ ಆಕರಕೋಶಗಳದ್ದು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಈ ಕೋಶಗಳನ್ನು ಬೆಳೆಸಿ, ರಕ್ತನಾಳ ಕಟ್ಟಿಕೊಂಡು ಹುಣ್ಣಾದ ಕಾಲಿನ ಸ್ನಾಯುವಿಗೂ ಹುಣ್ಣಿನ ಸುತ್ತಲೂ ಚುಚ್ಚುವ ಚಿಕಿತ್ಸೆಯನ್ನು ರೂಪಿಸಿತು. ಧೂಮಪಾನಿಗಳಲ್ಲಿ ಹೆಚ್ಚಾಗಿ ಕಾಣುವ ಬರ್ಗರ್ ರೋಗಕ್ಕೆ 2016ರಲ್ಲಿ ಮಿತವಾದ ಅನುಮತಿ ಸಿಕ್ಕಿತು. ರಕ್ತನಾಳಗಳು ಕಿರಿದಾಗಿ ಕಾಲೇ ಅಪಾಯಕ್ಕೆ ಸಿಕ್ಕ ಇತರ ರೋಗಿಗಳಿಗೆ 2020ರಲ್ಲಿ. ರಕ್ತವೇ ಹರಿಯದ ಕಾಲಿಗೆ ಹೊಸ ರಕ್ತನಾಳಗಳ ದಾರಿ ತೆರೆಯುವುದು ಇದರ ಗುರಿ. ಹಾಗೆ ನೋಡಿದರೆ ಇದೂ ಅಡ್ಡಿಯೊಂದನ್ನು ತೆಗೆಯುವ ಯತ್ನವೇ.

ಸಿಗದ ಮದ್ದು

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆಯಿದೆ. ಇದು ಪೇಟೆಯವರ ಕಾಯಿಲೆಯೆಂಬ ಕಾಲ ಕಳೆದುಹೋಗಿದೆ. ಅಡಿಕೆ ತೋಟದಲ್ಲಿ ದುಡಿಯುವವರ, ಬೆಳಗಿನ ಜಾವವೇ ರಬ್ಬರ್ ಹಾಲು ತೆಗೆಯಲು ಹೊರಡುವವರ ಪಾದಗಳೂ ಈ ಲೆಕ್ಕದೊಳಗಿವೆ. 1964ರ ಭಾರತ–ಸಿಲೋನ್ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಂಡ ತಮಿಳು ಕುಟುಂಬಗಳಿಗೆ ನಡಿಗೆಯೇ ಕಸುಬು. ಒಂದು ಮರದಿಂದ ಇನ್ನೊಂದು ಮರಕ್ಕೆ, ಇಳಿಜಾರಿನಲ್ಲಿ, ಒದ್ದೆ ನೆಲದಲ್ಲಿ. ಇಂಥವರಿಗೆ ಅಂಗಾಲಿನಲ್ಲಿ ಹುಣ್ಣಾದರೆ ವೈದ್ಯರು ಹೇಳುವ ‘ಆರು ವಾರ ಕಾಲೂರಬೇಡಿ’ ಎಂಬ ಮಾತು ಆರು ವಾರದ ಸಂಬಳ ಬೇಡ ಎಂದು ಹೇಳಿದಂತೆಯೇ. ಜೆಲ್ಲಿನ ಪಟ್ಟಿ ಔಷಧದಂಗಡಿಯಲ್ಲಿ ಸಿಗುತ್ತದೆ, ವಿಶ್ರಾಂತಿ ಸಿಗುವುದಿಲ್ಲ.

ಸುಳ್ಯದಂಥ ತಾಲೂಕು ಕೇಂದ್ರದಲ್ಲೇ ಇಂದು ಆಧುನಿಕ ವೈದ್ಯಕೀಯ ಕಾಲೇಜೂ ಇದೆ, ಆಯುರ್ವೇದ ಕಾಲೇಜೂ ಇದೆ. ಚಿಕಿತ್ಸೆ ದೂರದಲ್ಲಿದೆಯೆಂಬ ಹಳೆಯ ದೂರು ಅಷ್ಟರಮಟ್ಟಿಗೆ ಕಡಿಮೆಯಾಗಿದೆ. ಉಳಿದಿರುವ ಅಪಾಯ ತಡಮಾಡುವುದು. ನೋವಿಲ್ಲದ ಹುಣ್ಣನ್ನು ನೋವಿಲ್ಲವೆಂಬ ಕಾರಣಕ್ಕೇ ತಿಂಗಳುಗಟ್ಟಲೆ ಬಿಡುತ್ತಾರೆ. ಮೇಲೆ ಒಣಗಿದಂತೆ ಕಂಡ ತಡ್ಡು ಚರ್ಮದ ಅಡಿಯಲ್ಲಿ ಕೀವು ಮೂಳೆಗೆ ಇಳಿದಿರುತ್ತದೆ. ಬೆರಳಿನಿಂದ ಪಾದಕ್ಕೆ, ಪಾದದಿಂದ ಮೊಣಕಾಲಿಗೆ ಕತ್ತರಿ ಏರುತ್ತ ಹೋಗುವುದು ಹೀಗೆ. ಕಾಲು ಕಳೆದುಕೊಂಡ ದುಡಿಮೆಗಾರನ ಮನೆಯಲ್ಲಿ ಕಳೆದುಹೋಗುವುದು ಕಾಲೊಂದೇ ಅಲ್ಲ.

ಇದನ್ನು ತಪ್ಪಿಸುವ ಕ್ರಮಕ್ಕೆ ಯಂತ್ರ ಬೇಡ. ಸಕ್ಕರೆ ಕಾಯಿಲೆಯಿರುವವರು ಪ್ರತಿ ರಾತ್ರಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ದೀಪದ ಬೆಳಕಿನಲ್ಲಿ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲಾಗದವರು ಕನ್ನಡಿ ಹಿಡಿಯಬೇಕು, ಇಲ್ಲವೇ ಮನೆಯವರಿಂದ ನೋಡಿಸಬೇಕು. ಬರಿಗಾಲಲ್ಲಿ ತೋಟಕ್ಕಿಳಿಯಬಾರದು. ಚಪ್ಪಲಿ ಹಾಕುವ ಮುನ್ನ ಒಳಗೆ ಕಲ್ಲುಮುಳ್ಳು ಇದೆಯೇ ಎಂದು ಕೈಯಾಡಿಸಬೇಕು. ಕಾಲು ಬೆಚ್ಚಗಾಗಲೆಂದು ಬಿಸಿನೀರಿಗೆ ನೇರ ಇಳಿಸಬಾರದು, ಸುಟ್ಟದ್ದು ಗೊತ್ತಾಗುವುದಿಲ್ಲ. ಹುಣ್ಣು ಕಂಡರೆ, ನೋವಿಲ್ಲದಿದ್ದರೆ ಇನ್ನೂ ಬೇಗ, ವೈದ್ಯರ ಬಳಿ ಹೋಗಬೇಕು. ಕಂಕನಾಡಿಯ ಆಶ್ರಯದಲ್ಲಿ, ಚೆಂಗಲ್ಪಟ್ಟಿನ ವಾರ್ಡಿನಲ್ಲಿ ಮಲಗಿದ್ದವರ ಕಾಲುಗಳಿಗೆ ಈ ತಿಳಿವಳಿಕೆ ಸಿಕ್ಕಿದ್ದು ತಡವಾಗಿ. ಅದರ ಬೆಲೆಯನ್ನು ಅವರು ತಮ್ಮ ಬೆರಳುಗಳಿಂದಲೇ ತೆತ್ತಿದ್ದಾರೆ. ಈಗ ಅದು ಯಾರಿಗೂ ಪುಕ್ಕಟೆಯಾಗಿ ಸಿಗುತ್ತದೆ.